ಗಾಳಿಯಿಂದ ತೆಗೆದ ಗೊಬ್ಬರವೂ ನಮ್ಮ ಕರ್ತವ್ಯವೂ

ಮುಂಗಾರಿನ ಮೊದಲ ಹದ ಬಿದ್ದಿತೆಂದರೆ ನಮ್ಮ ರೈತನು ಬಿತ್ತನೆಯ ಕಾಳನ್ನು ವಿಚಾರಿಸುವಷ್ಟೇ ಆತುರದಿಂದ ಯೂರಿಯಾ ಚೀಲವನ್ನೂ ವಿಚಾರಿಸುತ್ತಾನೆ. ಸಹಕಾರ ಸಂಘದ ಮುಂದೆ ಸಾಲುಗಟ್ಟಿ ನಿಲ್ಲುವುದೂ, ಚೀಲ ಸಾಲದೆ ಹೋದರೆ ಊರೆಲ್ಲ ಕಳವಳಗೊಳ್ಳುವುದೂ ಯಾವ ಗ್ರಾಮದ ಪ್ರಮುಖರಿಗೂ ಹೊಸ ಸಂಗತಿಗಳಲ್ಲ. ಆದರೆ ಆ ಚೀಲದೊಳಗಿನ ಬಿಳಿಯ ಕಾಳು ಎಲ್ಲಿಂದ ಬಂದಿತು, ಅದನ್ನು ಮಾಡುವ ವಿದ್ಯೆಗಾಗಿ ಮನುಷ್ಯನು ಎಷ್ಟು ಕಾಲ ಹೆಣಗಿದನು, ಹೊಲಕ್ಕೆ ಬಿದ್ದ ಮೇಲೆ ಅದರಲ್ಲಿ ಎಷ್ಟು ಪಾಲು ನಿಜವಾಗಿ ಪೈರಿಗೆ ಸೇರುತ್ತದೆ ಎಂಬುದನ್ನು ವಿಚಾರಿಸತಕ್ಕವರು ವಿರಳ.

ಈ ಗೊಬ್ಬರದ ವಿಷಯದಲ್ಲಿ ನಮ್ಮ ಹಳ್ಳಿಗಳಲ್ಲಿ ಎರಡು ಅಭಿಪ್ರಾಯಗಳು ಪ್ರಬಲವಾಗಿರುತ್ತವೆ. ಸೀಮೆಗೊಬ್ಬರವು ಭೂಮಿಗೆ ವಿಷವೆಂದೂ, ಅದನ್ನು ಕೈಯಿಂದಲೂ ಮುಟ್ಟಬಾರದೆಂದೂ ಹೇಳತಕ್ಕವರು ಒಂದು ಪಕ್ಷ. ಚೀಲ ಹೆಚ್ಚಿದಷ್ಟೂ ಬೆಳೆ ಹೆಚ್ಚುವುದೆಂದು ನಂಬಿ, ನೆರೆಯವನು ಎರಡು ಚೀಲ ಹಾಕಿದರೆ ತಾವು ಮೂರು ಹಾಕತಕ್ಕವರು ಮತ್ತೊಂದು ಪಕ್ಷ. ನಮ್ಮ ಅಭಿಪ್ರಾಯದಲ್ಲಿ ಇವೆರಡೂ ಸರಿಯಲ್ಲ. ಗಾಳಿಯಿಂದ ಗೊಬ್ಬರವನ್ನು ತೆಗೆಯುವ ವಿದ್ಯೆಯು ಬೇಸಾಯಕ್ಕೆ ಒದಗಿದ ಆವಿಷ್ಕಾರಗಳಲ್ಲಿ ಅತಿ ದೊಡ್ಡದೆಂಬುದರಲ್ಲಿ ಸಂಶಯವಿಲ್ಲ. ಆದರೆ ಕಾರ್ಖಾನೆಯಲ್ಲಿ ಆಗಿರುವುದು ಅರ್ಧ ಕೆಲಸ ಮಾತ್ರ. ಉಳಿದ ಅರ್ಧವು ಹೊಲದಲ್ಲಿ ಆಗತಕ್ಕದ್ದು. ಅದನ್ನು ಮಾಡಿಸುವ ಹೊಣೆಯು ಊರಿನ ಯಜಮಾನರ ಮೇಲೂ ಜಮೀನುಳ್ಳವರ ಮೇಲೂ ಇರುತ್ತದೆ.

ಆವಿಷ್ಕಾರದ ಪೂರ್ವಕಥೆ

ಪೈರು ಮಣ್ಣಿನಿಂದ ಖನಿಜಾಂಶಗಳನ್ನು ಆಹಾರವಾಗಿ ಹೀರಿಕೊಳ್ಳುತ್ತದೆಂದು ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ೧೮೪೦ರಲ್ಲಿ ಪ್ರತಿಪಾದಿಸಿದನು. ಅದಾದ ಎರಡು ವರ್ಷಗಳಲ್ಲಿ, ಎಂದರೆ ೧೮೪೨ರಲ್ಲಿ, ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಎಂಬಲ್ಲಿನ ಜಮೀನ್ದಾರ ಜಾನ್ ಬೆನೆಟ್ ಲಾಸ್ ಎಂಬಾತನು ರಂಜಕವುಳ್ಳ ಕಲ್ಲು ಮತ್ತು ಮೂಳೆಗಳನ್ನು ಗಂಧಕಾಮ್ಲದಲ್ಲಿ ಕರಗಿಸಿ ಸೂಪರ್‌ಫಾಸ್ಫೇಟ್ ಗೊಬ್ಬರವನ್ನು ತಯಾರಿಸುವ ಕ್ರಮಕ್ಕೆ ಹಕ್ಕುಪತ್ರ ಪಡೆದನು. ರಾಸಾಯನಿಕ ಗೊಬ್ಬರದ ಉದ್ಯಮವು ಹೀಗೆ ಒಬ್ಬ ಜಮೀನುಳ್ಳವನ ಕುತೂಹಲದಿಂದ ಹುಟ್ಟಿತೆಂಬುದು ನಮ್ಮ ಓದುಗರು ಗಮನಿಸತಕ್ಕ ಸಂಗತಿ.

ರಂಜಕದ ಕೊರತೆ ಈ ರೀತಿ ನೀಗಿದರೂ ಸಾರಜನಕದ ಕೊರತೆ ನೀಗಲಿಲ್ಲ. ಯೂರೋಪಿನವರು ಮೊದಲು ಪೆರು ದೇಶದ ದ್ವೀಪಗಳಲ್ಲಿ ಕಡಲಹಕ್ಕಿಗಳು ಶತಮಾನಗಳಿಂದ ಕೂಡಿಹಾಕಿದ್ದ ಹಿಕ್ಕೆಯನ್ನು ಹಡಗುಗಳಲ್ಲಿ ತರಿಸಿದರು. ಅದು ತೀರುತ್ತ ಬರಲು ಚಿಲಿ ದೇಶದ ಮರುಭೂಮಿಯಲ್ಲಿ ದೊರೆಯುವ ಪೆಟ್ಲುಪ್ಪನ್ನು ತರಿಸತೊಡಗಿದರು. ಆ ನಿಕ್ಷೇಪವೂ ಒಂದು ದಿನ ಬರಿದಾಗುವುದೆಂದೂ, ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದಿಡುವ ಉಪಾಯವನ್ನು ರಸಾಯನಶಾಸ್ತ್ರಜ್ಞರು ಕಂಡುಹಿಡಿಯದಿದ್ದರೆ ಗೋಧಿಯನ್ನುಣ್ಣುವ ಜನಕ್ಕೆ ಕ್ಷಾಮ ತಪ್ಪದೆಂದೂ ಸರ್ ವಿಲಿಯಂ ಕ್ರುಕ್ಸ್ ೧೮೯೮ರಲ್ಲಿ ಬ್ರಿಸ್ಟಲ್ ನಗರದ ವಿಜ್ಞಾನಿಗಳ ಸಭೆಯಲ್ಲಿ ಎಚ್ಚರಿಸಿದನು.

ಗಾಳಿಯ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ಸಾರಜನಕವೇ ಆಗಿರುತ್ತದೆ. ಒಂದು ಎಕರೆ ಹೊಲದ ಮೇಲೆ ನಿಂತಿರುವ ಗಾಳಿಯಲ್ಲಿ ಮೂವತ್ತು ಸಾವಿರ ಟನ್ನಿಗೂ ಮೀರಿದ ಸಾರಜನಕವುಂಟು. ಆದರೂ ಪೈರು ಅದನ್ನು ನೇರವಾಗಿ ತೆಗೆದುಕೊಳ್ಳಲಾರದು. ಆ ವಾಯುವಿನ ಕಣಗಳು ಜೋಡಿಜೋಡಿಯಾಗಿ ಒಂದನ್ನೊಂದು ಅಷ್ಟು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ತೊಗರಿ, ಅವರೆ, ಹುರುಳಿ ಮುಂತಾದ ದ್ವಿದಳ ಧಾನ್ಯಗಳ ಬೇರಿನ ಗಂಟುಗಳಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳು ಆ ಬಿಗಿಯನ್ನು ಸದ್ದಿಲ್ಲದೆ ಬಿಡಿಸುತ್ತವೆ. ರಾಗಿಯ ಹೊಲದಲ್ಲಿ ಅವರೆಯ ಅಕ್ಕಡಿ ಸಾಲು ಹಾಕುವ ನಮ್ಮ ಹಿರಿಯರ ಪದ್ಧತಿಯ ಒಂದು ಪ್ರಯೋಜನವು ಇದರಲ್ಲಿಯೇ ಅಡಗಿದೆ.

ಮನುಷ್ಯನು ಅದೇ ಕೆಲಸವನ್ನು ಬೆಂಕಿಯಿಂದಲೂ ಒತ್ತಡದಿಂದಲೂ ಮಾಡಬೇಕಾಯಿತು. ನಾರ್ವೆಯಲ್ಲಿ ಬಿರ್ಕೆಲಂಡ್ ಮತ್ತು ಐಡೆ ಎಂಬಿಬ್ಬರು ೧೯೦೩ರಲ್ಲಿ ಮಿಂಚಿನಂತಹ ವಿದ್ಯುತ್ ಜ್ವಾಲೆಯಲ್ಲಿ ಗಾಳಿಯನ್ನು ಹಾಯಿಸಿ ಗೊಬ್ಬರ ತೆಗೆದರು. ಆದರೆ ಅದಕ್ಕೆ ತಗಲುವ ವಿದ್ಯುತ್ತು ಅಪಾರ. ಜಲಪಾತಗಳ ನಾಡಿಗಲ್ಲದೆ ಬೇರೆಯವರಿಗೆ ಅದು ನಿಲುಕುವಂತಿರಲಿಲ್ಲ. ಕಡೆಗೆ ಜರ್ಮನಿಯ ಫ್ರಿಟ್ಸ್ ಹಾಬರ್ ೧೯೦೯ರಲ್ಲಿ ಸಾರಜನಕವನ್ನೂ ಜಲಜನಕವನ್ನೂ ಹೆಚ್ಚಿನ ಒತ್ತಡದಲ್ಲಿ ಕಾಯಿಸಿ, ಒಂದು ಲೋಹದ ಸಾನ್ನಿಧ್ಯದಲ್ಲಿ ಅವುಗಳನ್ನು ಕೂಡಿಸಿ, ಅಮೋನಿಯಾ ದ್ರವವು ತೊಟ್ಟು ತೊಟ್ಟಾಗಿ ಇಳಿಯುವಂತೆ ಮಾಡಿ ತೋರಿಸಿದನು.

ಪ್ರಯೋಗಶಾಲೆಯ ಮೇಜಿನ ಮೇಲೆ ಆದದ್ದನ್ನು ಕಾರ್ಖಾನೆಯಲ್ಲಿ ಮಾಡುವುದು ಸುಲಭವಾಗಿರಲಿಲ್ಲ. ಕಾರ್ಲ್ ಬಾಷ್ ಎಂಬ ತಜ್ಞನು ಈ ಹೊಣೆಯನ್ನು ಹೊತ್ತನು. ಇನ್ನೂರು ವಾಯುಮಂಡಲಗಳಷ್ಟು ಒತ್ತಡದಲ್ಲಿ ಕಾದ ಜಲಜನಕವು ಉಕ್ಕಿನೊಳಕ್ಕೆ ನುಸುಳಿ ಅದನ್ನು ಪೆಡಸುಮಾಡಿ ಸೀಳುತ್ತಿತ್ತು. ಬಾಷನು ಒಳಗೆ ಮೃದುವಾದ ಕಬ್ಬಿಣದ ಪದರವನ್ನು ಹೊದಿಸಿ, ಹೊರಗಿನ ಉಕ್ಕಿನ ಕವಚಕ್ಕೆ ಸಣ್ಣ ರಂಧ್ರಗಳನ್ನು ಕೊರೆಯಿಸಿ, ನುಸುಳಿದ ಜಲಜನಕವು ಅಪಾಯವಿಲ್ಲದೆ ಹೊರಬೀಳುವಂತೆ ಏರ್ಪಡಿಸಿದನು. ಆಲ್ವಿನ್ ಮಿಟಾಶ್ ಎಂಬಾತನು ದುಬಾರಿಯಾದ ಲೋಹಗಳ ಬದಲು ಅಗ್ಗವಾದ ಕಬ್ಬಿಣದಿಂದಲೇ ಕೆಲಸ ತೆಗೆಯುವ ಮಿಶ್ರಣವನ್ನು ಸಾವಿರಾರು ಪರೀಕ್ಷೆಗಳಾದ ಮೇಲೆ ಕಂಡುಹಿಡಿದನು. ೧೯೧೩ರಲ್ಲಿ ಓಪ್ಪೌ ಎಂಬಲ್ಲಿ ಮೊದಲ ಕಾರ್ಖಾನೆ ನಡೆಯತೊಡಗಿತು. ಹಾಬರನಿಗೆ ೧೯೧೮ನೆಯ ವರ್ಷದ, ಬಾಷನಿಗೆ ೧೯೩೧ನೆಯ ವರ್ಷದ ನೊಬೆಲ್ ಪಾರಿತೋಷಕಗಳು ದೊರೆತವು. ಇಂದು ಪ್ರಪಂಚದ ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯ ಆಹಾರವು ಈ ಕ್ರಮದಿಂದ ಬಂದ ಸಾರಜನಕವನ್ನೇ ಅವಲಂಬಿಸಿದೆಯೆಂದು ತಜ್ಞರು ಅಂದಾಜು ಮಾಡಿರುತ್ತಾರೆ.

ಇದರ ಮತ್ತೊಂದು ಮುಖವನ್ನೂ ಮುಚ್ಚಿಡಬಾರದು. ೧೯೧೪ರಲ್ಲಿ ಆರಂಭವಾದ ಮಹಾಯುದ್ಧದಲ್ಲಿ ಇದೇ ಅಮೋನಿಯಾದಿಂದ ಸಿಡಿಮದ್ದು ತಯಾರಾಯಿತು. ೧೯೨೧ರ ಸೆಪ್ಟೆಂಬರಿನಲ್ಲಿ ಓಪ್ಪೌ ಕಾರ್ಖಾನೆಯಲ್ಲಿ ಕೂಡಿಟ್ಟಿದ್ದ ಗೊಬ್ಬರದ ರಾಶಿಯೇ ಸಿಡಿದು ಐನೂರಕ್ಕೂ ಹೆಚ್ಚು ಜನ ಸತ್ತರು. ಶಕ್ತಿಯುಳ್ಳ ವಸ್ತುವು ಎಚ್ಚರವನ್ನೂ ಬೇಡುತ್ತದೆ.

ನಮ್ಮ ದೇಶದಲ್ಲಿ

ಈ ಉದ್ಯಮವು ನಮ್ಮ ನಾಡಿಗೆ ತಡವಾಗಿ ಬಂದದ್ದೇನೂ ಅಲ್ಲ. ಭಾರತದಲ್ಲಿ ಅಮೋನಿಯಾ ತಯಾರಿಸಿ ಗೊಬ್ಬರ ಮಾಡಲು ಹೊರಟ ಮೊಟ್ಟಮೊದಲಿನ ಕಾರ್ಖಾನೆಗಳಲ್ಲಿ ಒಂದು, ಮೈಸೂರು ಸಂಸ್ಥಾನದ ಬೆಳಗೊಳದಲ್ಲಿ ೧೯೩೦ರ ದಶಕದ ಕೊನೆಯ ಭಾಗದಲ್ಲಿ ಸ್ಥಾಪಿತವಾಯಿತು. ೧೯೪೭ರಲ್ಲಿ ತಿರುವಾಂಕೂರಿನ ಆಲುವಾ ಬಳಿ ಉದ್ಯೋಗಮಂಡಲದ ಕಾರ್ಖಾನೆ ಆರಂಭವಾದಾಗ, ಬೇಕಾದ ಜಲಜನಕವನ್ನು ಕಾಡಿನ ಸೌದೆಯನ್ನು ಉರಿಸಿ ಪಡೆಯುತ್ತಿದ್ದರು. ೧೯೫೧ರಲ್ಲಿ ಸಿಂದ್ರಿಯ ದೊಡ್ಡ ಕಾರ್ಖಾನೆ ತೆರೆಯಿತು. ೧೯೭೬ರಲ್ಲಿ ಮಂಗಳೂರಿನ ಪಣಂಬೂರಿನಲ್ಲಿ ನಾಫ್ತಾ ಎಂಬ ಎಣ್ಣೆಯಿಂದ ಗೊಬ್ಬರ ತಯಾರಿಸುವ ಕಾರ್ಖಾನೆ ಉತ್ಪಾದನೆಗೆ ತೊಡಗಿತು. ಕೊಚ್ಚಿಯಿಂದ ಮಂಗಳೂರಿಗೆ ಹಾಕಿದ ಅನಿಲದ ಕೊಳವೆಯು ೨೦೨೧ರ ಜನವರಿಯಲ್ಲಿ ಲೋಕಾರ್ಪಣೆಯಾಯಿತು. ಆ ಕಾಲದಿಂದೀಚೆಗೆ ಆ ಕಾರ್ಖಾನೆ ನೈಸರ್ಗಿಕ ಅನಿಲಕ್ಕೆ ತಿರುಗಿದೆ.

ಈ ಸಂಗತಿಗಳಿಂದ ಓದುಗರು ತಿಳಿಯತಕ್ಕದ್ದು ಒಂದುಂಟು. ಗಾಳಿಯು ಧರ್ಮಕ್ಕೆ ದೊರೆಯುತ್ತದೆ. ಜಲಜನಕವು ಧರ್ಮಕ್ಕೆ ದೊರೆಯುವುದಿಲ್ಲ. ಸೌದೆಯಾಗಲಿ, ಕಲ್ಲಿದ್ದಲಾಗಲಿ, ಎಣ್ಣೆಯಾಗಲಿ, ಅನಿಲವಾಗಲಿ ಯಾವುದಾದರೊಂದನ್ನು ವೆಚ್ಚಮಾಡಿಯೇ ಅದನ್ನು ಪಡೆಯಬೇಕು. ಇಂದು ನಮ್ಮ ಯೂರಿಯಾ ಕಾರ್ಖಾನೆಗಳಿಗೆ ಬೇಕಾದ ಅನಿಲದಲ್ಲಿ ಬಹುಭಾಗವು ಸಮುದ್ರದಾಚೆಯಿಂದ ಬರುತ್ತದೆ. ಪೊಟ್ಯಾಷ್ ಗೊಬ್ಬರದ ವಿಷಯದಲ್ಲಂತೂ ನಾವು ಪೂರ್ಣವಾಗಿ ಹೊರದೇಶಗಳನ್ನೇ ನಂಬಿಕೊಂಡಿದ್ದೇವೆ. ಆದುದರಿಂದ ಹೊಲದಲ್ಲಿ ವ್ಯರ್ಥವಾಗುವ ಒಂದೊಂದು ಹಿಡಿಯೂ ದೇಶದ ಬೊಕ್ಕಸದಿಂದ ಸೋರಿದ ಹಣವೇ ಸರಿ.

ಹೊಲದಲ್ಲಿ ಆಗುವ ನಷ್ಟ

ಯೂರಿಯಾದ ನೂರು ಪಾಲಿನಲ್ಲಿ ನಲವತ್ತಾರು ಪಾಲು ಸಾರಜನಕ. ಎಂದರೆ ೪೫ ಕಿಲೋಗ್ರಾಂ ಚೀಲದಲ್ಲಿ ಸುಮಾರು ೨೦.೭ ಕಿಲೋಗ್ರಾಂ ಸಾರಜನಕವಿರುತ್ತದೆ. ಇದನ್ನು ಒದ್ದೆ ನೆಲದ ಮೇಲೆ ಎರಚಿ ಹಾಗೆಯೇ ಬಿಟ್ಟರೆ ಮಣ್ಣಿನ ಕಿಣ್ವಗಳು ಅದನ್ನು ಕೆಲವೇ ದಿನಗಳಲ್ಲಿ ಮತ್ತೆ ಅಮೋನಿಯಾವನ್ನಾಗಿ ಮಾಡುತ್ತವೆ. ಅದರಲ್ಲಿ ಒಂದು ಭಾಗವು ಬಿಸಿಲಿಗೂ ಗಾಳಿಗೂ ಹಾರಿಹೋಗುತ್ತದೆ. ಉಳಿದದ್ದನ್ನು ಸೂಕ್ಷ್ಮಜೀವಿಗಳು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೇಟು ನೀರಿನೊಡನೆ ಬೇರಿಗೂ ಕೆಳಗೆ ಇಳಿದು ಬಾವಿಯನ್ನು ಸೇರಬಹುದು. ಅಥವಾ ನೀರು ನಿಂತ ಕೆಸರಿನಲ್ಲಿ ವಾಯುವಾಗಿ ಮೇಲಕ್ಕೇರಿ, ಎಲ್ಲಿಂದ ಬಂದಿತೋ ಅಲ್ಲಿಗೇ ಮರಳಬಹುದು. ನೀರು ನಿಲ್ಲಿಸಿ ಬೆಳೆಯುವ ಭತ್ತಕ್ಕೆ ಹಾಕಿದ ಸಾರಜನಕದಲ್ಲಿ ಸಾಮಾನ್ಯವಾಗಿ ನೂರಕ್ಕೆ ಮೂವತ್ತರಿಂದ ನಲವತ್ತು ಪಾಲು ಮಾತ್ರ ಪೈರಿಗೆ ಸೇರುವುದೆಂದು ಪರೀಕ್ಷೆಗಳಿಂದ ತಿಳಿದಿದೆ. ಇನ್ನೂರು ವಾಯುಮಂಡಲಗಳ ಒತ್ತಡದಲ್ಲಿ, ಅಷ್ಟು ವೆಚ್ಚದಿಂದ ಗಾಳಿಯಿಂದ ಹಿಡಿದು ತಂದದ್ದನ್ನು ನಾವು ಅಲಕ್ಷ್ಯದಿಂದ ಪುನಃ ಗಾಳಿಗೆ ಬಿಡುತ್ತಿದ್ದೇವೆ.

ನಷ್ಟವು ಇಷ್ಟಕ್ಕೇ ನಿಲ್ಲುವುದಿಲ್ಲ. ಸಾರಜನಕ ಅತಿಯಾದ ಪೈರು ಕಡುಹಸಿರಾಗಿ ಸೊಕ್ಕಿ ಬೆಳೆದು ಕಣ್ಣಿಗೆ ಹಬ್ಬವಾಗುತ್ತದೆ. ತೆನೆಗಟ್ಟುವ ಕಾಲಕ್ಕೆ ಮಲಗುತ್ತದೆ. ಭತ್ತಕ್ಕೆ ಬೆಂಕಿ ರೋಗವೂ ಕಂದು ಜಿಗಿಹುಳುವೂ ಅಂತಹ ಪೈರಿನಲ್ಲಿಯೇ ಹೆಚ್ಚಾಗಿ ನೆಲೆಗೊಳ್ಳುತ್ತವೆ. ಆಗ ರೈತನು ಔಷಧಿಯ ಅಂಗಡಿಗೆ ಓಡುತ್ತಾನೆ. ಒಂದು ಚೀಲದ ಧಾರಾಳವು ಎರಡು ಸೀಸೆ ಔಷಧಿಯ ಸಾಲವಾಗಿ ಪರಿಣಮಿಸುತ್ತದೆ. ಅತಿಯಾದರೆ ಅಮೃತವೂ ವಿಷವೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕಾಗಿಲ್ಲ.

ಈ ಅತಿಗೆ ಬೆಲೆಯ ವ್ಯತ್ಯಾಸವೂ ಒಂದು ಕಾರಣವೆಂದು ಒಪ್ಪಬೇಕು. ೨೦೧೦ರಲ್ಲಿ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ಸಹಾಯಧನದ ಕ್ರಮವು ಬದಲಾಗಿ ಅವುಗಳ ಬೆಲೆ ಏರಿತು. ಯೂರಿಯಾ ಮಾತ್ರ ಹಳೆಯ ಕ್ರಮದಲ್ಲೇ ಉಳಿಯಿತು. ೨೦೧೮ರಲ್ಲಿ ೪೫ ಕಿಲೋಗ್ರಾಂ ಚೀಲ ರೂಢಿಗೆ ಬಂದಾಗ, ಬೇವಿನ ಲೇಪದ ವೆಚ್ಚವನ್ನೂ ತೆರಿಗೆಯನ್ನೂ ಬಿಟ್ಟು, ಅದರ ಬೆಲೆ ೨೪೨ ರೂಪಾಯಿಯೆಂದು ನಿಗದಿಯಾಯಿತು. ಅಗ್ಗವಾದುದನ್ನು ಹೆಚ್ಚಾಗಿಯೂ ತುಟ್ಟಿಯಾದುದನ್ನು ಕಡಿಮೆಯಾಗಿಯೂ ಹಾಕುವುದು ಮನುಷ್ಯಸ್ವಭಾವ. ಆದರೆ ಸರ್ಕಾರದ ರಿಯಾಯತಿಯು ಬಡ ರೈತನಿಗೆ ಆಸರೆಯಾಗಲೆಂದು ಏರ್ಪಟ್ಟದ್ದೇ ಹೊರತು ಧಾರಾಳಕ್ಕೆ ರಹದಾರಿಯಲ್ಲ. ಪೈರಿನ ಊಟದಲ್ಲಿ ಅನ್ನವನ್ನೇ ರಾಶಿ ಹಾಕಿ ಸಾರನ್ನೂ ಪಲ್ಯವನ್ನೂ ಮರೆತರೆ ಮೈ ಹಿಡಿಯುವುದೆಂತು?

ಎರಡು ಪಕ್ಷಗಳಿಗೂ ಉತ್ತರ

ಬರಿಯ ಸಾರಜನಕದಿಂದ ಏನಾಗುವುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಸಾಕ್ಷ್ಯವಿದೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಆಶ್ರಯದಲ್ಲಿ ೧೯೭೦ರಿಂದ ಹಲವು ರಾಜ್ಯಗಳಲ್ಲಿ ದೀರ್ಘಕಾಲದ ಗೊಬ್ಬರ ಪರೀಕ್ಷೆಗಳು ನಡೆದುಬಂದಿವೆ. ಹುಳಿಗುಣದ ಕೆಂಪು ಮಣ್ಣುಗಳಲ್ಲಿ, ವರ್ಷವರ್ಷವೂ ಸಾರಜನಕವೊಂದನ್ನೇ ಹಾಕಿದ ತುಂಡುಗಳ ಹುಳಿ ಹೆಚ್ಚಿ ಇಳುವರಿ ಇಳಿಯುತ್ತ ಹೋಯಿತು. ಮೂರು ಪೋಷಕಗಳನ್ನೂ ಕೊಟ್ಟಿಗೆ ಗೊಬ್ಬರವನ್ನೂ ಕೂಡಿಸಿ ಕೊಟ್ಟ ತುಂಡುಗಳು ಇಳುವರಿಯನ್ನು ಕಾಪಾಡಿಕೊಂಡವು.

ಸೀಮೆಗೊಬ್ಬರವನ್ನು ಪೂರ್ಣವಾಗಿ ಬಿಡಬೇಕೆನ್ನುವವರಿಗೆ ಎರಡು ಮಾತು ಹೇಳಬೇಕಾಗಿದೆ. ಮೊದಲನೆಯದು ಲೆಕ್ಕದ ಮಾತು. ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕವು ನೂರಕ್ಕೆ ಸುಮಾರು ಅರ್ಧ ಪಾಲು. ಒಂದು ಟನ್ನಿನಲ್ಲಿ ಐದು ಕಿಲೋಗ್ರಾಂ. ಹೆಕ್ಟೇರಿಗೆ ನೂರು ಕಿಲೋಗ್ರಾಂ ಕೊಡಬೇಕಾದರೆ ಇಪ್ಪತ್ತು ಟನ್ ಗೊಬ್ಬರ ಬೇಕು. ಅದೂ ಒಂದೇ ಬೆಳೆಗೆ ಪೂರ್ತಿ ಒದಗುವುದಿಲ್ಲ. ಮನೆಮನೆಯ ಕೊಟ್ಟಿಗೆಗಳು ಬರಿದಾಗುತ್ತಿರುವ ಈ ಕಾಲದಲ್ಲಿ ಅಷ್ಟನ್ನು ಎಲ್ಲ ಹೊಲಗಳಿಗೂ ಎಲ್ಲಿಂದ ತರುವುದು? ಎರಡನೆಯದು ಅನುಭವದ ಮಾತು. ನೆರೆಯ ಶ್ರೀಲಂಕಾದಲ್ಲಿ ೨೦೨೧ರ ಮೇ ತಿಂಗಳಿನಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಹಠಾತ್ತಾಗಿ ನಿಷೇಧಿಸಿದರು. ಭತ್ತದ ಉತ್ಪತ್ತಿ ಕುಸಿದು, ಅಕ್ಕಿಯನ್ನು ಹೊರಗಿನಿಂದ ತರಿಸಬೇಕಾಯಿತು. ಆ ವರ್ಷದ ನವೆಂಬರಿನಲ್ಲಿಯೇ ನಿಷೇಧವನ್ನು ಹಿಂತೆಗೆದುಕೊಂಡರು.

ಆದರೆ ತಿಪ್ಪೆಯನ್ನು ಕಡೆಗಣಿಸಿದವರೂ ಗೆದ್ದವರಲ್ಲ. ಮೇಲೆ ಹೇಳಿದ ಲಾಸ್ ಮಹಾಶಯನು ಗಿಲ್ಬರ್ಟನೊಡನೆ ೧೮೪೩ರಲ್ಲಿ ರೋಥಾಮ್‌ಸ್ಟೆಡ್ಡಿನ ಬ್ರಾಡ್‌ಬಾಕ್ ಹೊಲದಲ್ಲಿ ಆರಂಭಿಸಿದ ಗೋಧಿಯ ಪರೀಕ್ಷೆಯು ಈಗಲೂ ನಡೆಯುತ್ತಿದೆ. ಸಮತೋಲವಾದ ಸೀಮೆಗೊಬ್ಬರದಿಂದ ಅಲ್ಲಿ ಒಳ್ಳೆಯ ಇಳುವರಿ ಬರುತ್ತಲೇ ಇದೆ, ಭೂಮಿ ಸತ್ತುಹೋಗಲಿಲ್ಲ. ಆದರೆ ವರ್ಷವೂ ಕೊಟ್ಟಿಗೆ ಗೊಬ್ಬರ ಬಿದ್ದ ತುಂಡಿನ ಮಣ್ಣಿನಲ್ಲಿ ಸಾವಯವಾಂಶವು, ಬರಿಯ ಸೀಮೆಗೊಬ್ಬರ ಬಿದ್ದ ತುಂಡಿಗಿಂತ ಇಮ್ಮಡಿಗೂ ಮೀರಿದೆ. ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಸಾವಯವಾಂಶವು ಬೇಗ ಕರಗುತ್ತದೆ. ಅದಿಲ್ಲದ ಮಣ್ಣು ನೀರನ್ನು ಹಿಡಿಯುವುದಿಲ್ಲ. ಚೀಲದ ಗೊಬ್ಬರವನ್ನೂ ಹಿಡಿಯುವುದಿಲ್ಲ. ಆದುದರಿಂದ ತಿಪ್ಪೆಯೂ ಚೀಲವೂ ಒಂದಕ್ಕೊಂದು ವೈರಿಗಳಲ್ಲ. ಒಂದೇ ನೊಗಕ್ಕೆ ಹೂಡಿದ ಎರಡು ಎತ್ತುಗಳು.

ಇತ್ತೀಚಿನ ಆವಿಷ್ಕಾರಗಳ ವಿಷಯದಲ್ಲೂ ವಿವೇಚನೆ ಬೇಕು. ೨೦೧೫ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪವು ಕಡ್ಡಾಯವಾಯಿತು. ಇದು ನೈಟ್ರೇಟಾಗುವ ವೇಗವನ್ನು ತಗ್ಗಿಸುತ್ತದೆ. ಉಪಯುಕ್ತವಾದ ಕ್ರಮವೇ ಸರಿ. ಆದರೆ ನೆಲದ ಮೇಲೆ ಎರಚಿ ಬಿಟ್ಟರೆ ಹಾರಿಹೋಗುವುದನ್ನು ಲೇಪವು ತಡೆಯಲಾರದು. ೨೦೨೧ರಿಂದ ಮಾರಾಟಕ್ಕೆ ಬಂದ ನ್ಯಾನೋ ಯೂರಿಯಾ ದ್ರವದ ಅರ್ಧ ಲೀಟರಿನ ಒಂದು ಸೀಸೆಯು ಒಂದು ಚೀಲಕ್ಕೆ ಸಮವೆಂಬ ಮಾತು ಕೇಳಿಬಂದಿತು. ನೂರಕ್ಕೆ ನಾಲ್ಕು ಪಾಲು ಸಾರಜನಕವುಳ್ಳ ಅರ್ಧ ಲೀಟರಿನಲ್ಲಿರುವುದು ಇಪ್ಪತ್ತು ಗ್ರಾಂ ಸಾರಜನಕ. ಚೀಲದಲ್ಲಿರುವುದು ಇಪ್ಪತ್ತು ಕಿಲೋಗ್ರಾಂ. ಇಂತಹ ಮಾತನ್ನು ಜಾಹೀರಾತಿನಿಂದಲ್ಲ, ತನ್ನ ಹೊಲದ ಒಂದು ಪಟ್ಟಿಯಲ್ಲಿ ಪರೀಕ್ಷಿಸಿ ನೋಡಿಯೇ ನಂಬತಕ್ಕದ್ದು.

ಎರಡು ಅರ್ಧಗಳೂ ಕೂಡಿದ ಒಂದು ನಿದರ್ಶನ

ರಾಸಾಯನಿಕ ವಿದ್ಯೆಯು ರೈತನ ಕೈಯಲ್ಲಿ ಪೂರ್ಣವಾದದ್ದಕ್ಕೆ ನಮ್ಮ ಮಲೆನಾಡಿನಲ್ಲಿಯೇ ಒಳ್ಳೆಯ ನಿದರ್ಶನವಿದೆ. ಫ್ರಾನ್ಸಿನ ದ್ರಾಕ್ಷಿತೋಟಗಳ ಬೂಜುರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವು ಮದ್ದೆಂದು ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞನು ೧೮೮೫ರಲ್ಲಿ ಪ್ರಕಟಿಸಿದನು. ಬೋರ್ಡೋ ದ್ರಾವಣವೆಂದು ಹೆಸರಾದದ್ದು ಇದೇ. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್, ಅಡಕೆಯ ಕೊಳೆರೋಗದ ಮೂಲವನ್ನು ಶೋಧಿಸಿ, ಈ ದ್ರಾವಣವನ್ನು ಅಡಕೆಯ ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಅದಕ್ಕೆ ಮುಂಚೆ ಗೊನೆಗೊನೆಗೂ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುವುದೇ ತೋಟಿಗರಿಗಿದ್ದ ಉಪಾಯ.

ಈ ಮದ್ದು ನೂರು ವರ್ಷಗಳಿಗೂ ಮೀರಿ ಬಾಳಿರುವುದಕ್ಕೆ ಕಾರಣವೇನು? ಅದನ್ನು ಅಂಗಡಿಯಿಂದ ತಂದ ಹಾಗೆಯೇ ಬಳಸುವಂತಿಲ್ಲ. ತೋಟಿಗನು ತಾನೇ ಅಳೆದು ಕೂಡಿಸಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋಗ್ರಾಂ ಮೈಲುತುತ್ತ, ಒಂದು ಕಿಲೋಗ್ರಾಂ ಸುಣ್ಣ. ಎರಡನ್ನೂ ಬೇರೆಬೇರೆಯಾಗಿ ಕರಗಿಸಿ, ಕಬ್ಬಿಣವಲ್ಲದ ಪಾತ್ರೆಯಲ್ಲಿ ಕೂಡಿಸುವುದು. ಸಾಣೆ ಹಿಡಿದ ಚಾಕುವನ್ನು ಅದ್ದಿ ನೋಡಿ, ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದೆಂದು ತಿಳಿದು ಇನ್ನಷ್ಟು ಸೇರಿಸುವುದು. ಅಂದಿನದನ್ನು ಅಂದೇ ಮುಗಿಸುವುದು. ಮುಂಗಾರು ಬಲಿಯುವುದಕ್ಕೆ ಮೊದಲೇ ಕೊನೆಗಾರನು ಮರವೇರಿ ಒಂದು ಬಾರಿ ಹೊಡೆದು, ಸುಮಾರು ನಲವತ್ತು ದಿನಗಳ ಮೇಲೆ ಮತ್ತೊಂದು ಬಾರಿ ಹೊಡೆಯುವುದು. ಇಲ್ಲಿ ಅಳತೆಯುಂಟು, ಪರೀಕ್ಷೆಯುಂಟು, ಕಾಲದ ಅರಿವುಂಟು. ಹೆಚ್ಚು ಮೈಲುತುತ್ತ ಹಾಕಿದರೆ ಹೆಚ್ಚು ಅಡಕೆ ಬರುವುದೆಂದು ಯಾವ ತೋಟಿಗನೂ ನಂಬುವುದಿಲ್ಲ. ಮೈಲುತುತ್ತಕ್ಕೆ ತೋರಿಸಿದ ಈ ಜಾಣ್ಮೆಯನ್ನು ಯೂರಿಯಾಕ್ಕೆ ತೋರಿಸಲು ನಮಗೆ ಏನು ಅಡ್ಡಿ?

ಗ್ರಾಮದ ಪ್ರಮುಖರು ಮಾಡತಕ್ಕದ್ದು

ಮೊದಲನೆಯದಾಗಿ, ಮಣ್ಣಿನ ಪರೀಕ್ಷೆ. ೨೦೧೫ರಲ್ಲಿ ಮಣ್ಣು ಆರೋಗ್ಯ ಚೀಟಿಯ ಯೋಜನೆ ಆರಂಭವಾದಂದಿನಿಂದ ಅನೇಕ ಮನೆಗಳಿಗೆ ಚೀಟಿ ಬಂದಿದೆ. ಬಹುಮಂದಿ ಅದನ್ನು ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಬೆಳೆ ಕೊಯ್ದ ಮೇಲೆ, ಗೊಬ್ಬರ ಹಾಕುವುದಕ್ಕೆ ಮುಂಚೆ, ಹೊಲದ ಎಂಟು ಹತ್ತು ಕಡೆಗಳಲ್ಲಿ ಹದಿನೈದು ಸೆಂಟಿಮೀಟರ್ ಆಳದ ಗುಣಿ ತೋಡಿ, ಅದರ ಪಕ್ಕದ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಮಣ್ಣನ್ನು ಕೆರೆದು ತೆಗೆಯಬೇಕು. ಎಲ್ಲವನ್ನೂ ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಬಿಡುತ್ತ ಬಂದು, ಅರ್ಧ ಕಿಲೋಗ್ರಾಂ ಉಳಿಸಿ, ನೆರಳಿನಲ್ಲಿ ಆರಿಸಿ ರೈತ ಸಂಪರ್ಕ ಕೇಂದ್ರಕ್ಕೆ ಒಪ್ಪಿಸತಕ್ಕದ್ದು. ತಿಪ್ಪೆಯ ಬಳಿ, ಬದುವಿನ ಮೇಲೆ, ಮರದ ಬುಡದಲ್ಲಿ ತೆಗೆಯಬಾರದು. ಊರಿಗೆಲ್ಲ ಒಂದು ದಿನವನ್ನು ಗೊತ್ತುಮಾಡಿ ಯಜಮಾನರೇ ಮುಂದೆ ನಿಂತು ಮಾಡಿಸಿದರೆ ಉಳಿದವರು ಹಿಂಬಾಲಿಸುವರು.

ಎರಡನೆಯದಾಗಿ, ತಿಪ್ಪೆಯ ಸುಧಾರಣೆ. ಬಿಸಿಲಿಗೆ ಒಣಗಿ ಮಳೆಗೆ ತೊಳೆದುಹೋಗುವ ತಿಪ್ಪೆಯಲ್ಲಿ ಉಳಿಯುವುದು ಗೊಬ್ಬರದ ಹೆಸರು ಮಾತ್ರ. ನೆರಳಿನಲ್ಲಿ ಗುಂಡಿ ತೆಗೆದು, ದನದ ಗಂಜಲವನ್ನು ಹೀರಲು ಕೊಟ್ಟಿಗೆಯಲ್ಲಿ ತರಗು ಹಾಸಿ, ಪದರಪದರವಾಗಿ ತುಂಬಿ, ತೇವವನ್ನು ಕಾಪಾಡಿ, ಮೇಲೆ ಮಣ್ಣು ಮುಚ್ಚುವುದಕ್ಕೆ ಹಣ ಬೇಕಾಗಿಲ್ಲ, ಮನಸ್ಸು ಬೇಕು. ಬದುಗಳ ಮೇಲೆ ಹೊಂಗೆ, ಗ್ಲಿರಿಸಿಡಿಯಾ ಗಿಡಗಳನ್ನು ಬೆಳೆಸುವುದೂ, ಗದ್ದೆಯಲ್ಲಿ ಸೆಣಬನ್ನಾಗಲಿ ಡಯಂಚವನ್ನಾಗಲಿ ಬಿತ್ತಿ ಹೂವಾಡುವಾಗ ಉಳುವುದೂ ಇದಕ್ಕೆ ಪೂರಕ.

ಮೂರನೆಯದಾಗಿ, ಹಾಕುವ ಕಾಲವೂ ರೀತಿಯೂ. ಒಮ್ಮೆಗೇ ಸುರಿಯದೆ ಎರಡು ಮೂರು ಕಂತುಗಳಲ್ಲಿ ಕೊಡಬೇಕು. ಗದ್ದೆಯಲ್ಲಿ ನೀರನ್ನು ಬಸಿದು, ಕಳೆ ತೆಗೆದು, ಯೂರಿಯಾ ಹಾಕಿ ಕೆಸರಿನಲ್ಲಿ ಬೆರೆಸಿ, ಒಂದೆರಡು ದಿನ ಬಿಟ್ಟು ನೀರು ಕಟ್ಟಬೇಕು. ಬೆದ್ದಲು ಹೊಲದಲ್ಲಿ ಸಾಲಿನ ಪಕ್ಕದಲ್ಲಿ ಹಾಕಿ ಮಣ್ಣು ಮುಚ್ಚಬೇಕು. ನೆಲ ಒಣಗಿರುವಾಗಲೂ, ಜಡಿಮಳೆಯ ಮುನ್ಸೂಚನೆಯಿರುವಾಗಲೂ ಹಾಕಬಾರದು.

ನಾಲ್ಕನೆಯದು ಜಮೀನುಳ್ಳವರಿಗೇ ಸೇರಿದ್ದು. ಹೊಲವನ್ನು ಬೇರೆಯವರ ಕೈಯಿಂದ ಮಾಡಿಸತಕ್ಕವರು ವರ್ಷವರ್ಷವೂ ಕೈ ಬದಲಿಸುತ್ತ ಹೋದರೆ, ಬರುವ ವರ್ಷ ತನ್ನ ಪಾಲಿಗಿರದ ನೆಲಕ್ಕೆ ಯಾವನೂ ಕೊಟ್ಟಿಗೆ ಗೊಬ್ಬರ ಹೊರುವುದಿಲ್ಲ. ಬೇಗ ಹಸಿರು ತೋರಿಸುವ ಚೀಲವನ್ನೇ ಸುರಿಯುತ್ತಾನೆ. ತಪ್ಪು ಅವನದೆನ್ನಲಾಗದು. ದುಡಿಯುವವನಿಗೆ ಭರವಸೆಯನ್ನೂ ಗೊಬ್ಬರದ ವೆಚ್ಚದಲ್ಲಿ ಪಾಲನ್ನೂ ಕೊಡುವುದು ಭೂಮಿಯ ಒಡೆಯನ ಸ್ವಂತ ಹಿತವೇ ಆಗಿದೆ.

ಐದನೆಯದಾಗಿ, ಪ್ರತಿಯೊಂದು ಊರಿನಲ್ಲಿಯೂ ಒಬ್ಬಿಬ್ಬರು ಅನುಕೂಲಸ್ಥರು ಒಂದೇ ಗದ್ದೆಯಲ್ಲಿ ಎರಡು ಸಮನಾದ ಪಟ್ಟಿಗಳನ್ನು ಗುರುತುಮಾಡಿ, ಒಂದಕ್ಕೆ ತಮ್ಮ ವಾಡಿಕೆಯಂತೆಯೂ, ಇನ್ನೊಂದಕ್ಕೆ ಮಣ್ಣಿನ ಚೀಟಿಯಲ್ಲಿ ಹೇಳಿದಂತೆಯೂ ಗೊಬ್ಬರ ಹಾಕಲಿ. ಕಣದಲ್ಲಿ ಎರಡರ ಧಾನ್ಯವನ್ನೂ ಬೇರೆಬೇರೆಯಾಗಿ ತೂಗಿ, ಖರ್ಚನ್ನು ಬರೆದು, ಆ ಲೆಕ್ಕವನ್ನು ಪಂಚಾಯತಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಅಂಟಿಸಲಿ. ಇಲಾಖೆಯ ನೂರು ಉಪನ್ಯಾಸಗಳಿಗಿಂತ ನೆರೆಹೊಲದ ಒಂದು ತೂಕದ ಲೆಕ್ಕವು ರೈತನನ್ನು ಹೆಚ್ಚಾಗಿ ಒಪ್ಪಿಸುತ್ತದೆ. ರೋಥಾಮ್‌ಸ್ಟೆಡ್ಡಿನ ಜಮೀನ್ದಾರನು ತನ್ನ ಹೊಲದಲ್ಲಿ ಆರಂಭಿಸಿದ್ದೂ ಇಂತಹ ಪಟ್ಟಿಗಳನ್ನೇ.

ಮುಂದೆ ನೀರನ್ನು ವಿದ್ಯುತ್ತಿನಿಂದ ಒಡೆದು ಪಡೆದ ಜಲಜನಕದಿಂದ ಗೊಬ್ಬರ ಮಾಡುವ ಪ್ರಯತ್ನಗಳೂ ನಡೆಯುತ್ತಿವೆ. ಭಾರತ ಸರ್ಕಾರವು ೨೦೨೩ರ ಜನವರಿಯಲ್ಲಿ ಹಸಿರು ಜಲಜನಕದ ರಾಷ್ಟ್ರೀಯ ಯೋಜನೆಗೆ ಮಂಜೂರಾತಿ ಕೊಟ್ಟಿರುತ್ತದೆ. ಅದು ಕೈಗೂಡಿದರೆ ಅನಿಲಕ್ಕಾಗಿ ಪರರ ಮುಖ ನೋಡುವುದು ಕಡಿಮೆಯಾಗಬಹುದು. ಆದರೆ ಚೀಲವು ಯಾವ ಕಾರ್ಖಾನೆಯಿಂದ ಬಂದರೂ ಅದರ ಬಾಯಿ ಬಿಚ್ಚುವುದು ರೈತನ ಕೈ. ಆ ಕೈಗೆ ಅಳತೆಯನ್ನು ಕಲಿಸತಕ್ಕವರು ಊರಿನ ಹಿರಿಯರು. ಬರುವ ಮುಂಗಾರಿಗೆ ಮುಂಚೆ ನಮ್ಮ ಓದುಗರಲ್ಲಿ ಪ್ರತಿಯೊಬ್ಬರೂ ತಮ್ಮ ಗ್ರಾಮದಲ್ಲಿ ಒಂದು ಮಣ್ಣಿನ ದಿನವನ್ನೂ, ಒಂದು ಮಾದರಿಯ ಗೊಬ್ಬರದ ಗುಂಡಿಯನ್ನೂ, ಒಂದು ಜೊತೆ ಪರೀಕ್ಷೆಯ ಪಟ್ಟಿಗಳನ್ನೂ ಏರ್ಪಡಿಸುವರೆಂದು ನಂಬುತ್ತೇವೆ.